ಸಾವಿನ ಲೆಕ್ಕ ತೋರಿಸುವ ಜಿಬಿಡಿ ಕಂಪೇರ್: ದಿನಾ ಬಳಸುವವಳ ಅನಿಸಿಕೆ

ನಮ್ಮ ದೇಶದ ಜನ ಯಾವ ಕಾಯಿಲೆಯಿಂದ ಸಾಯುತ್ತಿದ್ದಾರೆ? ಮೂವತ್ತು ವರ್ಷದ ಹಿಂದೆ ಯಾವುದರಿಂದ ಸಾಯುತ್ತಿದ್ದರು? ಕರ್ನಾಟಕಕ್ಕೂ ಬಿಹಾರಕ್ಕೂ ಇದರಲ್ಲಿ ಏನು ವ್ಯತ್ಯಾಸ? ಇದನ್ನೆಲ್ಲ ಒಂದೇ ಕಡೆ, ದುಡ್ಡು ಕೊಡದೆ ನೋಡಬೇಕು ಅಂದರೆ ಈಗ ಇರುವುದರಲ್ಲಿ ಒಳ್ಳೆಯ ಸಾಧನ ಜಿಬಿಡಿ ಕಂಪೇರ್ ಅನ್ನುವ ಜಾಲತಾಣ. ಜಿಬಿಡಿ ಅಂದರೆ ಗ್ಲೋಬಲ್ ಬರ್ಡನ್ ಆಫ್ ಡಿಸೀಸ್, ಇಡೀ ಜಗತ್ತಿನ ಕಾಯಿಲೆಗಳ ಹೊರೆಯ ಲೆಕ್ಕ. ಅಮೆರಿಕದ ಸಿಯಾಟಲ್‌ನಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿರುವ ಐಎಚ್‌ಎಂಇ ಅನ್ನುವ ಸಂಸ್ಥೆ ಇದನ್ನು ನಡೆಸುತ್ತದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಅಂಕ ಯಾಕೆ ಕೊಡಲಿಲ್ಲ ಅನ್ನುವುದೇ ಈ ಬರಹದ ಮುಖ್ಯ ವಿಷಯ. ಅದರಲ್ಲಿ ಅರ್ಧ ತಪ್ಪು ಅವರದಲ್ಲ, ನಮ್ಮದು.

ನಾನು ಒಂದು ಜಿಲ್ಲಾ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಎಲ್ಲರೂ ಎಂಆರ್‌ಡಿ ಅನ್ನುತ್ತಾರೆ. ವಾರ್ಡಿನಿಂದ ಬರುವ ಕೇಸ್ ಶೀಟ್ ಜೋಡಿಸುವುದು, ಕಾಯಿಲೆಗೆ ಅಂತರರಾಷ್ಟ್ರೀಯ ಪಟ್ಟಿಯ ಪ್ರಕಾರ ಕೋಡ್ ಹಾಕುವುದು, ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ ಅದರ ಕಾಗದ ನೋಂದಣಿಗೆ ಹೋಗುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ದೇಶದ ಸಾವಿನ ಅಂಕಿಸಂಖ್ಯೆ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದು ಶುರುವಾಗುವುದು ನಮ್ಮಂಥವರ ಮೇಜಿನಿಂದ. ಹಾಗಾಗಿ ಈ ಜಾಲತಾಣವನ್ನು ನಾನು ಎರಡೂ ಕಡೆಯಿಂದ ನೋಡುತ್ತೇನೆ. ಚಿತ್ರ ನೋಡಿದಾಗ ಖುಷಿಯಾಗುತ್ತದೆ. ಅದರ ಕೆಳಗಿರುವ ಕಾಗದಗಳು ಹೇಗಿರುತ್ತವೆ ಅಂತಲೂ ಗೊತ್ತು.

ಮೊದಲು ಖುಷಿಯ ವಿಷಯ ಹೇಳುತ್ತೇನೆ. ಜಾಲತಾಣ ತೆರೆದ ಕೂಡಲೇ ಒಂದು ದೊಡ್ಡ ಆಯತ ಕಾಣುತ್ತದೆ. ಅಣ್ಣತಮ್ಮಂದಿರಿಗೆ ಜಮೀನು ಪಾಲು ಮಾಡಿದ ನಕ್ಷೆಯ ಹಾಗೆ ಅದನ್ನು ಚಿಕ್ಕ ದೊಡ್ಡ ಚೌಕಗಳಾಗಿ ಹಂಚಿದ್ದಾರೆ. ಒಂದೊಂದು ಚೌಕ ಒಂದೊಂದು ಕಾಯಿಲೆ. ಚೌಕ ದೊಡ್ಡದಿದ್ದಷ್ಟೂ ಅದರಿಂದ ಸತ್ತವರು ಜಾಸ್ತಿ. ನೀಲಿ ಬಣ್ಣದಲ್ಲಿ ಹೃದಯದ ಕಾಯಿಲೆ, ಪಾರ್ಶ್ವವಾಯು, ಕ್ಯಾನ್ಸರ್, ಸಕ್ಕರೆ ಕಾಯಿಲೆಯಂಥ ಹರಡದ ರೋಗಗಳು. ಕೆಂಪಿನಲ್ಲಿ ಕ್ಷಯ, ಭೇದಿ, ಮಲೇರಿಯಾ, ಹೆರಿಗೆಯ ತೊಂದರೆ, ಹಸುಗೂಸುಗಳ ಸಾವು, ಪೌಷ್ಟಿಕ ಆಹಾರ ಇಲ್ಲದೆ ಬರುವ ಕಾಯಿಲೆ. ಹಸಿರಿನಲ್ಲಿ ಅಪಘಾತ, ಆತ್ಮಹತ್ಯೆ, ಹಾವು ಕಡಿತ. ದೇಶ, ರಾಜ್ಯ, ವಯಸ್ಸು, ಗಂಡು ಹೆಣ್ಣು, ವರ್ಷ ಎಲ್ಲವನ್ನೂ ಎಡಗಡೆ ಆರಿಸಿಕೊಳ್ಳಬಹುದು.

ಭಾರತ ಅಂತ ಆರಿಸಿ, ವರ್ಷದ ಗುಂಡಿಯನ್ನು 1990ಕ್ಕೆ ಎಳೆಯಿರಿ. ಕೆಂಪು ಅರ್ಧ ಪರದೆ ತುಂಬಿಕೊಂಡಿರುತ್ತದೆ. ಈಗ ನಿಧಾನಕ್ಕೆ ಮುಂದಕ್ಕೆ ಎಳೆಯಿರಿ. ಭೇದಿಯ ಚೌಕ ಸಣ್ಣದಾಗುತ್ತದೆ. ದಡಾರ ಮೂಲೆ ಸೇರುತ್ತದೆ. ಕ್ಷಯ ಕುಗ್ಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ನೀಲಿ ಬೆಳೆಯುತ್ತಾ ಬರುತ್ತದೆ. ಇದೇ ಐಎಚ್‌ಎಂಇ, ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಪಿಎಚ್‌ಎಫ್‌ಐ ಸೇರಿ 2017ರಲ್ಲಿ ರಾಜ್ಯವಾರು ವರದಿ ಮಾಡಿದ್ದರು. ಅದರ ಪ್ರಕಾರ 1990ರಲ್ಲಿ ದೇಶದ ಸಾವುಗಳಲ್ಲಿ ಹರಡದ ರೋಗಗಳ ಪಾಲು ಶೇ 37.9. 2016ಕ್ಕೆ ಅದು ಶೇ 61.8 ಆಗಿತ್ತು. ಒಂದೇ ತಲೆಮಾರಿನಲ್ಲಿ ಇಷ್ಟು ಬದಲಾವಣೆ. ಈ ಎರಡು ಸಂಖ್ಯೆಯನ್ನು ಎಷ್ಟು ಸಲ ಓದಿದರೂ ನನಗೆ ಮನಸ್ಸಿಗೆ ಇಳಿದಿರಲಿಲ್ಲ. ಗುಂಡಿ ಎಳೆದು ನೋಡಿದಾಗ ಇಳಿಯಿತು.

ನಮ್ಮ ಅಜ್ಜಿ ತಮ್ಮ ಕಾಲದ ಸಾವಿನ ಬಗ್ಗೆ ಮಾತಾಡಿದರೆ ಅದರಲ್ಲಿ ಮಕ್ಕಳೇ ಜಾಸ್ತಿ ಇರುತ್ತಿದ್ದರು. ವಾಂತಿಭೇದಿ, ಬಾಣಂತಿ ಸನ್ನಿ, ಹೆಸರಿಲ್ಲದ ಜ್ವರ. ಇವತ್ತು ನಾನು ಫೈಲ್ ಮಾಡುವ ಕೇಸ್ ಶೀಟ್‌ಗಳಲ್ಲಿ ಐವತ್ತು ದಾಟಿದವರ ಹೃದಯಾಘಾತ, ಡಯಾಲಿಸಿಸ್, ಪಾರ್ಶ್ವವಾಯು. ಇದು ನಮ್ಮ ಮನೆಯ ಅನಿಸಿಕೆ ಮಾತ್ರ ಅಲ್ಲ. 1971ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಸಾಯುತ್ತಿದ್ದವು. 2023ಕ್ಕೆ ಅದು 25ಕ್ಕೆ ಇಳಿದಿದೆ. ಸರಾಸರಿ ಆಯುಸ್ಸು 1970-75ರಲ್ಲಿ 49.7 ವರ್ಷ ಇದ್ದದ್ದು 2016-20ಕ್ಕೆ 70 ವರ್ಷ ಆಯಿತು.

ರಾಜ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಸೌಲಭ್ಯ ನನಗೆ ಎಲ್ಲಕ್ಕಿಂತ ಇಷ್ಟ. ಅದೇ 2017ರ ವರದಿಯ ಪ್ರಕಾರ, ಹರಡುವ ಕಾಯಿಲೆ, ಹೆರಿಗೆ, ಅಪೌಷ್ಟಿಕತೆಗಳ ಒಟ್ಟು ಹೊರೆಯನ್ನು (ಸಾವು, ಅನಾರೋಗ್ಯ ಎರಡೂ ಸೇರಿ) ಹರಡದ ರೋಗಗಳ ಹೊರೆ ಮೀರಿದ್ದು ಕೇರಳದಲ್ಲಿ 1986ರ ಹೊತ್ತಿಗೇ. ಬಿಹಾರದಲ್ಲಿ ಅದೇ ಬದಲಾವಣೆ ಆಗಿದ್ದು 2010ರಲ್ಲಿ. ಒಂದೇ ದೇಶ, 24 ವರ್ಷದ ಅಂತರ. ಒಂದು ರಾಜ್ಯಕ್ಕೆ ಬೇಕಾದ ಆಸ್ಪತ್ರೆ ಇನ್ನೊಂದು ರಾಜ್ಯಕ್ಕೆ ಸಾಲುವುದಿಲ್ಲ ಅನ್ನುವುದು ಇದನ್ನು ನೋಡಿದರೆ ಯಾರಿಗಾದರೂ ತಿಳಿಯುತ್ತದೆ.

ಇಲ್ಲಿ ಹೊಸಬರಿಗೆ ಒಂದು ಎಚ್ಚರಿಕೆ. ಎಡಗಡೆ ಸಂಖ್ಯೆ, ದರ, ಶೇಕಡ ಅಂತ ಆಯ್ಕೆ ಇರುತ್ತದೆ. ವಯಸ್ಸಿನ ಪಟ್ಟಿಯಲ್ಲಿ 'ವಯಸ್ಸಿಗೆ ಹೊಂದಿಸಿದ' ಅನ್ನುವ ಅರ್ಥದ ಒಂದು ಆಯ್ಕೆಯೂ ಇದೆ. ಅದನ್ನು ಮುಟ್ಟದೆ ರಾಜ್ಯಗಳನ್ನು ಹೋಲಿಸಿದರೆ ದಾರಿ ತಪ್ಪುತ್ತೀರಿ. ಒಂದು ಉದಾಹರಣೆ ಕೊಡುತ್ತೇನೆ. 2020ರಲ್ಲಿ ಕೇರಳದಲ್ಲಿ ಸಾವಿರ ಜನರಿಗೆ 7 ಸಾವು. ಬಿಹಾರದಲ್ಲಿ 5.4 ಮಾತ್ರ. ಹಾಗಾದರೆ ಬಿಹಾರವೇ ಆರೋಗ್ಯವಂತ ರಾಜ್ಯವೇ? ಅದೇ ವರ್ಷ ಹಸುಗೂಸುಗಳ ಸಾವು ಸಾವಿರಕ್ಕೆ ಕೇರಳದಲ್ಲಿ 6, ಬಿಹಾರದಲ್ಲಿ 27. ಕೇರಳದಲ್ಲಿ ಮುದುಕರು ಜಾಸ್ತಿ. ಮುದುಕರು ಇರುವ ಕಡೆ ಸಾವೂ ಜಾಸ್ತಿ. ಅಷ್ಟೇ ವಿಷಯ. ವಯಸ್ಸಿಗೆ ಹೊಂದಿಸಿದ ದರ ಹಾಕಿ ನೋಡಿದರೆ ನಿಜವಾದ ಅಂತರ ಕಾಣುತ್ತದೆ. ಟಿವಿ ಚರ್ಚೆಗಳಲ್ಲಿ 'ಹೃದಯಾಘಾತದ ಸಾವು ಇಷ್ಟು ಪಟ್ಟು ಏರಿತು' ಅಂತ ಕೂಗುವವರು ಈ ಒಂದು ಗುಂಡಿ ಒತ್ತಿ ನೋಡಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತಿತ್ತು. ಜನಸಂಖ್ಯೆ ಬೆಳೆದಿದೆ, ಜನ ಹೆಚ್ಚು ವರ್ಷ ಬದುಕುತ್ತಿದ್ದಾರೆ. ಸಂಖ್ಯೆ ಏರಲೇಬೇಕು.

ಇನ್ನೊಂದು ವಿಷಯ. ಚೌಕದ ಮೇಲೆ ಬಾಣದ ಗುರುತು ತಂದರೆ ಸಂಖ್ಯೆಯ ಪಕ್ಕ ಇನ್ನೆರಡು ಸಂಖ್ಯೆ ಬರುತ್ತವೆ. ಕಡಿಮೆ ಅಂದರೆ ಇಷ್ಟು, ಜಾಸ್ತಿ ಅಂದರೆ ಇಷ್ಟು ಇರಬಹುದು ಅಂತ ಅರ್ಥ. ಎಷ್ಟೋ ಜನ ಅದನ್ನು ನೋಡುವುದೇ ಇಲ್ಲ. ದಯವಿಟ್ಟು ನೋಡಿ. ಸಾವುಗಳನ್ನೆಲ್ಲ ಸರಿಯಾಗಿ ಬರೆದಿಡುವ ದೇಶವೊಂದನ್ನು ಆರಿಸಿ. ಆಮೇಲೆ ಭಾರತ ಆರಿಸಿ. ನಮ್ಮಲ್ಲಿ ಆ ಎರಡು ಸಂಖ್ಯೆಗಳ ನಡುವೆ ಜಾಗ ಹೆಚ್ಚು. ಯಾಕೆ ಅಂತ ಹೇಳಬೇಕಾದರೆ ನಮ್ಮ ವಾರ್ಡಿಗೆ ಬರಬೇಕು.

ಆಸ್ಪತ್ರೆಯಲ್ಲಿ ಒಬ್ಬರು ತೀರಿಕೊಂಡರೆ ಡ್ಯೂಟಿ ಡಾಕ್ಟರ್ ಫಾರಂ ನಾಲ್ಕು ತುಂಬಬೇಕು. ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ ಅದು. ಅದರಲ್ಲಿ ಮೊದಲ ಭಾಗಕ್ಕೆ ಎ, ಬಿ, ಸಿ ಅಂತ ಮೂರು ಸಾಲು. ಎ ಸಾಲಿನಲ್ಲಿ ಕೊನೆಗೆ ಪ್ರಾಣ ತೆಗೆದ ತೊಂದರೆ. ಬಿ ಸಾಲಿನಲ್ಲಿ ಅದಕ್ಕೆ ಕಾರಣವಾದದ್ದು. ಸಿ ಸಾಲಿನಲ್ಲಿ ಇದೆಲ್ಲಕ್ಕೂ ಮೂಲ. ಪಕ್ಕದಲ್ಲಿ ಒಂದೊಂದೂ ಶುರುವಾಗಿ ಎಷ್ಟು ದಿನ ಅಥವಾ ಎಷ್ಟು ವರ್ಷ ಆಗಿತ್ತು ಅಂತ ಬರೆಯಬೇಕು. ಎರಡನೇ ಭಾಗದಲ್ಲಿ ಜೊತೆಗಿದ್ದ ಬೇರೆ ಕಾಯಿಲೆಗಳು.

ಒಂದು ಕೇಸ್ ನೋಡೋಣ. ಅರವತ್ತೆರಡು ವರ್ಷದ ರೈತ. ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲಿಗೆ ಗಾಯವಾಗಿ ಮಾಯಲಿಲ್ಲ. ಕೊಳೆತು ಗ್ಯಾಂಗ್ರೀನ್ ಆಯಿತು. ನಂಜು ರಕ್ತಕ್ಕೆ ಏರಿ ತೀರಿಕೊಂಡರು. ಸರಿಯಾಗಿ ಬರೆದರೆ ಎ ಸಾಲಿನಲ್ಲಿ ಸೆಪ್ಟಿಕ್ ಶಾಕ್, ಬಿ ಸಾಲಿನಲ್ಲಿ ಕಾಲಿನ ಗ್ಯಾಂಗ್ರೀನ್, ಸಿ ಸಾಲಿನಲ್ಲಿ ಟೈಪ್ 2 ಡಯಾಬಿಟಿಸ್, ಹದಿನೆಂಟು ವರ್ಷ. ಇದನ್ನು ನಾವು ಇ 11 ಅನ್ನುವ ಗುಂಪಿಗೆ ಕೋಡ್ ಮಾಡುತ್ತೇವೆ. ದೇಶದ ಲೆಕ್ಕದಲ್ಲಿ ಇವರು ಸಕ್ಕರೆ ಕಾಯಿಲೆಯಿಂದ ಸತ್ತವರು.

ಆದರೆ ರಾತ್ರಿ ಎರಡು ಗಂಟೆಗೆ, ಹೊರಗೆ ಮನೆಯವರು ಅಳುತ್ತಿರುವಾಗ, ಇನ್ನೂ ಇಬ್ಬರು ರೋಗಿಗಳು ಉಸಿರಿಗೆ ಕಷ್ಟಪಡುತ್ತಿರುವಾಗ ಆ ಫಾರಂ ತುಂಬುವ ಹುಡುಗ ಡಾಕ್ಟರ್ ಎ ಸಾಲಿನಲ್ಲಿ 'ಕಾರ್ಡಿಯಾಕ್ ಅರೆಸ್ಟ್' ಅಂತ ಬರೆದು ಸಹಿ ಹಾಕುತ್ತಾನೆ. ಬಿ, ಸಿ ಖಾಲಿ. ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ ಹೇಳಿ? ಅದು ಸಾವಿನ ಕಾರಣವೇ ಅಲ್ಲ. ಆದರೂ ಬರೆದಿದ್ದಕ್ಕೆ ಕೋಡ್ ಹಾಕಲೇಬೇಕು. ಅದು ಐ 46. ಆ ಕೋಡ್ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಅಧ್ಯಾಯದಲ್ಲಿದೆ. ಕಾಲಿನ ಗಾಯದಿಂದ ಸತ್ತ ರೈತ ಅಲ್ಲಿಗೆ ಹೃದ್ರೋಗಿಗಳ ಸಾಲಿಗೆ ಸೇರಿದರು. ನಾನು ಕೇಸ್ ಶೀಟ್ ಹಿಡಿದು ವಾರ್ಡಿಗೆ ಹೋಗಿ 'ಸರ್, ಕೆಳಗಿನ ಸಾಲು ತುಂಬಿಕೊಡಿ' ಅಂತ ಕೇಳುತ್ತೇನೆ. ಕೆಲವರು ಕೂಡಲೇ ಕೂತು ಬರೆದುಕೊಡುತ್ತಾರೆ. ಅಷ್ಟರಲ್ಲಿ ಕೆಲವರ ಪೋಸ್ಟಿಂಗ್ ಬದಲಾಗಿರುತ್ತದೆ.

ಇಂಥ ಕೋಡ್‌ಗಳಿಗೆ ಜಿಬಿಡಿಯವರು ಗಾರ್ಬೇಜ್ ಕೋಡ್ ಅನ್ನುತ್ತಾರೆ. ಅವರ ದೊಡ್ಡ ಕೆಲಸವೇ ಇಲ್ಲಿ. ಈ ಅರ್ಥವಿಲ್ಲದ ಕಾರಣಗಳನ್ನು ವಯಸ್ಸು, ಲಿಂಗ, ಜಾಗ ನೋಡಿ ಬೇರೆ ಕಾಯಿಲೆಗಳಿಗೆ ಹಂಚುತ್ತಾರೆ. ಒಂದು ಕೋಣೆಯಲ್ಲಿ ಕೂತು ಸುಮ್ನೆ ಊಹಿಸುವುದಲ್ಲ, ಅದಕ್ಕೆ ಲೆಕ್ಕದ ಕ್ರಮ ಇದೆ. ಆದರೂ ಅದು ಅಂದಾಜು. ಪರದೆಯ ಮೇಲಿನ ಚೌಕದಲ್ಲಿ ಎಷ್ಟು ಭಾಗ ಡಾಕ್ಟರ್ ಬರೆದದ್ದು, ಎಷ್ಟು ಭಾಗ ಹಂಚಿದ್ದು ಅಂತ ನೋಡಿದ ಕೂಡಲೇ ತಿಳಿಯುವುದಿಲ್ಲ. ನಾನು ಅಂಕ ಕಡಿಮೆ ಮಾಡಿದ್ದು ಮುಖ್ಯವಾಗಿ ಇದಕ್ಕೆ. ಒಂದು ಗುಂಡಿ ಒತ್ತಿದರೆ 'ಭಾರತದ ಈ ಚೌಕಕ್ಕೆ ಬಳಸಿದ ನೇರ ದಾಖಲೆ ಇಷ್ಟು' ಅಂತ ಅಲ್ಲೇ ತೋರಿಸಿದರೆ ಓದುವವರಿಗೆ ಎಷ್ಟು ಉಪಕಾರ ಅಲ್ವಾ?

ಇಷ್ಟೂ ಆಸ್ಪತ್ರೆಯ ಸಾವಿನ ಕಥೆ. ದೊಡ್ಡ ಪಾಲು ಹೊರಗೇ ಇದೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವು ಸುಮಾರು 81 ಲಕ್ಷ. ಅದರಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇ 22.5 ಮಾತ್ರ. ಅಂದರೆ ನೂರು ಸಾವಿನಲ್ಲಿ ಎಪ್ಪತ್ತೇಳಕ್ಕೂ ಹೆಚ್ಚು ಸಾವಿಗೆ ಯಾಕೆ ಅನ್ನುವ ಕಾಗದವೇ ಇಲ್ಲ. ಇನ್ನು ನೋಂದಣಿಯೇ ಆಗದ ಸಾವುಗಳೂ ಇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಯವರನ್ನು ಕೇಳಿದಾಗ ಸುಮಾರು ಶೇ 71ರಷ್ಟು ಸಾವು ಮಾತ್ರ ನೋಂದಣಿಯಾಗಿದ್ದವು.

ನಮ್ಮ ಹಳ್ಳಿಗಳಲ್ಲಿ ಜನ ಡೆತ್ ಸರ್ಟಿಫಿಕೇಟ್ ಮಾಡಿಸುವುದು ಯಾಕೆ? ಪೌತಿ ಖಾತೆಗೆ. ಎಲ್‌ಐಸಿ ದುಡ್ಡಿಗೆ. ವಿಧವಾ ವೇತನಕ್ಕೆ. ಬ್ಯಾಂಕ್ ಖಾತೆ ಮುಚ್ಚುವುದಕ್ಕೆ. ಈ ಯಾವುದೂ ಬೇಡದಿದ್ದರೆ ಯಾರೂ ನೋಂದಣಿ ಮಾಡಿಸಲು ಹೋಗುವುದಿಲ್ಲ. ನಮ್ಮ ದೊಡ್ಡಮ್ಮ ತೀರಿಕೊಂಡಾಗ ಅವರ ಹೆಸರಿನಲ್ಲಿ ಒಂದು ಗುಂಟೆ ಜಮೀನೂ ಇರಲಿಲ್ಲ, ಪಾಲಿಸಿಯೂ ಇರಲಿಲ್ಲ. ತಿಥಿ, ವೈಕುಂಠ ಸಮಾರಾಧನೆ ಎಲ್ಲ ಚೆನ್ನಾಗಿ ಆಯಿತು. ನೋಂದಣಿ ಮಾತ್ರ ಆಗಲಿಲ್ಲ. 21 ದಿನದೊಳಗೆ ಮಾಡಿಸಿದರೆ ದುಡ್ಡು ಕೊಡಬೇಕಿಲ್ಲ, ಆಮೇಲೆ ದಂಡ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. 'ಈಗ್ಯಾಕೆ ಆ ತಾಪತ್ರಯ' ಅಂತ ಬಿಟ್ಟರು. 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ಗಂಡಸರದು ಶೇ 60.2, ಹೆಂಗಸರದು ಶೇ 39.8. ಗಂಡಸರು ಸ್ವಲ್ಪ ಬೇಗ ಸಾಯುತ್ತಾರೆ, ನಿಜ. ಆದರೆ ಇಷ್ಟು ಅಂತರಕ್ಕೆ ಅದೊಂದೇ ಕಾರಣ ಅಲ್ಲ. ಆಸ್ತಿ ಇಲ್ಲದ ಹೆಂಗಸಿನ ಸಾವಿಗೆ ಯಾರೂ ಕಚೇರಿ ಮೆಟ್ಟಿಲು ಹತ್ತುವುದಿಲ್ಲ. ಜಿಬಿಡಿ ಕಂಪೇರ್‌ನಲ್ಲಿ 'ಹೆಣ್ಣು, ಭಾರತ, 70 ವರ್ಷ ಮೇಲೆ' ಅಂತ ಆರಿಸಿದಾಗಲೆಲ್ಲ ನನಗೆ ದೊಡ್ಡಮ್ಮ ನೆನಪಾಗುತ್ತಾರೆ. ಅಲ್ಲಿ ಕಾಣುವ ಚೌಕದಲ್ಲಿ ಅವರ ಕಾಗದ ಇಲ್ಲ.

ಹಾಗಾದರೆ ಮನೆಯಲ್ಲಿ ಸತ್ತವರ ಕಾರಣ ಗೊತ್ತಾಗುವುದು ಹೇಗೆ? ಇದಕ್ಕೆ ವರ್ಬಲ್ ಅಟಾಪ್ಸಿ ಅನ್ನುವ ವಿಧಾನ ಇದೆ. ತರಬೇತಿ ಪಡೆದವರು ಮನೆಗೆ ಹೋಗಿ ಕೇಳುತ್ತಾರೆ. ಜ್ವರ ಎಷ್ಟು ದಿನ ಇತ್ತು? ಎದೆ ನೋವು ಬಂದು ಎಷ್ಟು ಹೊತ್ತಿಗೆ ಜೀವ ಹೋಯಿತು? ಕಾಲು ಊದಿತ್ತಾ? ಮನೆಯವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತಾರೆ. ಆಮೇಲೆ ಇಬ್ಬರು ವೈದ್ಯರು, ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ, ಅದನ್ನು ಓದಿ ಕಾರಣ ಗುರುತಿಸುತ್ತಾರೆ. ಭಾರತದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಮಿಲಿಯನ್ ಡೆತ್ ಸ್ಟಡಿ. 1998ರಲ್ಲಿ ಶುರುವಾಯಿತು. ಟೊರಾಂಟೊದ ಸಂಶೋಧಕ ಪ್ರಭಾತ್ ಝಾ ಮತ್ತು ಜನಗಣತಿ, ಹುಟ್ಟುಸಾವಿನ ಲೆಕ್ಕ ನೋಡಿಕೊಳ್ಳುವ ನಮ್ಮ ರಿಜಿಸ್ಟ್ರಾರ್ ಜನರಲ್ ಕಚೇರಿ ಸೇರಿ ಮಾಡಿದ ಕೆಲಸ.

ಇದರಿಂದ ಏನೇನು ಹೊರಬಂತು ನೋಡಿ. ಹಾವು ಕಡಿತದ ಸಾವು ಅಂತ ಆಸ್ಪತ್ರೆಗಳ ಸರ್ಕಾರಿ ಲೆಕ್ಕದಲ್ಲಿ ಬರುತ್ತಿದ್ದದ್ದು ತೀರಾ ಕಡಿಮೆ. 2011ರಲ್ಲಿ ಬಂದ ಅಧ್ಯಯನ 2005ರ ಒಂದೇ ವರ್ಷದಲ್ಲಿ ಸುಮಾರು 46,000 ಜನ ಹಾವು ಕಡಿದು ಸತ್ತಿದ್ದಾರೆ ಅಂದಿತು. ಸರ್ಕಾರಿ ಲೆಕ್ಕದ ಮೂವತ್ತು ಪಟ್ಟಿಗಿಂತ ಹೆಚ್ಚು. 2020ರಲ್ಲಿ ಮತ್ತೆ ನೋಡಿದಾಗ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಸಾವು, ವರ್ಷಕ್ಕೆ ಸರಾಸರಿ 58,000. ಗದ್ದೆಯಲ್ಲಿ, ತೋಟದಲ್ಲಿ, ನೆಲದ ಮೇಲೆ ಮಲಗಿದ್ದಾಗ ಕಡಿದು ಆಸ್ಪತ್ರೆಗೆ ಬರುವ ಮುಂಚೆಯೇ ಸತ್ತವರು ಇವರು. ನಮ್ಮ ಕಡೆ ನಾಟಿ ಔಷಧಿಗೆ ಓಡಿ ಹೊತ್ತು ಕಳೆಯುವುದು ಇವತ್ತಿಗೂ ಇದೆ. ಎಂಆರ್‌ಡಿಗೆ ಇವರ ಕೇಸ್ ಶೀಟ್ ಬರುವುದೇ ಇಲ್ಲ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ದೇಶದಲ್ಲೇ ಮೊದಲು. ಲೆಕ್ಕ ಸಿಕ್ಕರೆ ಆಂಟಿವೆನಮ್ ಯಾವ ಪಿಎಚ್‌ಸಿಯಲ್ಲಿ ಎಷ್ಟು ಇಡಬೇಕು ಅಂತ ಗೊತ್ತಾಗುತ್ತದೆ. ಜಿಬಿಡಿಯಲ್ಲೂ ಹಾವು ಕಡಿತ ಹುಡುಕಿ ನೋಡಿ. 2019ಕ್ಕೆ ಭಾರತದಲ್ಲಿ ಸುಮಾರು 51,000 ಸಾವು ಅಂತ ಅವರ ತಂಡ ಬರೆದಿದೆ. ಹೆಚ್ಚುಕಡಿಮೆ ಅದೇ ಮಟ್ಟ. ಅವರೂ ಇದೇ ಥರದ ಮನೆಮನೆಯ ಮಾಹಿತಿಯನ್ನು ಬಳಸಿದ್ದಾರೆ.

ಈಗ ಹೋಲಿಕೆಗೆ ಇನ್ನೊಂದು ಸೇವೆಯ ಬಗ್ಗೆ ಹೇಳಲೇಬೇಕು. ಎಸ್‌ಆರ್‌ಎಸ್. ಸ್ಯಾಂಪಲ್ ರಿಜಿಸ್ಟ್ರೇಶನ್ ಸಿಸ್ಟಂ. ರಿಜಿಸ್ಟ್ರಾರ್ ಜನರಲ್ ಕಚೇರಿ 1969-70ರಿಂದ ಪೂರ್ತಿಯಾಗಿ ನಡೆಸುತ್ತಿರುವ ವ್ಯವಸ್ಥೆ. ನೋಡುವುದಕ್ಕೆ ಏನೂ ಚೆಂದ ಇಲ್ಲ. ಬಣ್ಣ ಇಲ್ಲ, ಎಳೆಯುವ ಗುಂಡಿ ಇಲ್ಲ. ಒಂದು ಪಿಡಿಎಫ್, ಅದರ ತುಂಬ ಕೋಷ್ಟಕ. ಆದರೆ ನನಗೆ ಇದರ ಮೇಲೆ ತುಂಬ ಗೌರವ. ಇವರು ಕೆಲಸ ಮಾಡುವ ರೀತಿ ನೋಡಿ. ದೇಶದಲ್ಲಿ ಸುಮಾರು 8,800 ಕಡೆ ಹಳ್ಳಿ ಅಥವಾ ನಗರದ ಬ್ಲಾಕ್ ಆರಿಸಿಕೊಳ್ಳುತ್ತಾರೆ. ಅಲ್ಲಿ ಒಬ್ಬರು, ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆ ಅಥವಾ ಶಿಕ್ಷಕರು, ವರ್ಷವಿಡೀ ಹುಟ್ಟು ಸಾವು ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಬೇರೆ ಮೇಲ್ವಿಚಾರಕರು ಬಂದು, ಮೊದಲಿನ ಪಟ್ಟಿ ನೋಡದೆ, ಮನೆಮನೆ ಸುತ್ತಿ ಹೊಸದಾಗಿ ಬರೆಯುತ್ತಾರೆ. ಆಮೇಲೆ ಎರಡೂ ಪಟ್ಟಿ ತಾಳೆ ನೋಡುತ್ತಾರೆ. ತಾಳೆಯಾಗದ ಮನೆಗೆ ಮತ್ತೆ ಹೋಗುತ್ತಾರೆ. ಪೌತಿ ಖಾತೆ ಬೇಕೋ ಬೇಡವೋ, ಸಾವು ಸಾವೇ. ನಮ್ಮ ದೊಡ್ಡಮ್ಮನಂಥವರು ಲೆಕ್ಕಕ್ಕೆ ಸಿಗುವುದು ಇಲ್ಲಿ.

ಸಾವಿನ ದರ, ಶಿಶುಮರಣ, ಆಯುಸ್ಸು ಬೇಕಾದರೆ ನಾನು ಎಸ್‌ಆರ್‌ಎಸ್ ತೆರೆಯುತ್ತೇನೆ. ಮೇಲೆ ಹೇಳಿದ ಕೇರಳ, ಬಿಹಾರದ 2020ರ ಅಂಕಿ ಅಲ್ಲಿಂದಲೇ ಬಂದದ್ದು. 2021-23ರ ಸಾವಿನ ಕಾರಣಗಳ ಎಸ್‌ಆರ್‌ಎಸ್ ವರದಿ 2025ರಲ್ಲಿ ಬಂತು. ಅದರಲ್ಲಿ ಹರಡದ ರೋಗಗಳ ಪಾಲು ಶೇ 56.7. ಇದು ಬೇರೆಯವರ ಲೆಕ್ಕ, ಮೇಲೆ ಹೇಳಿದ ಶೇ 61.8ರ ಜೊತೆ ನೇರವಾಗಿ ಹೋಲಿಸಬೇಡಿ. ಹೃದಯ ಮತ್ತು ರಕ್ತನಾಳದ ಕಾಯಿಲೆಗಳೇ ಸುಮಾರು ಶೇ 31. ಹದಿನೈದರಿಂದ ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ ಮೊದಲ ಕಾರಣ ಆತ್ಮಹತ್ಯೆ. ಈ ಕೊನೆಯ ಸಾಲನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಇದನ್ನು ಯಾವ ಬಣ್ಣದ ಚೌಕದಲ್ಲಿ ತೋರಿಸಿದರೂ ಸಾಲದು.

ಎಸ್‌ಆರ್‌ಎಸ್‌ನ ಮತ್ತು ಒಟ್ಟು ನೋಂದಣಿ ವರದಿಗಳ ದೊಡ್ಡ ಕೊರತೆ ತಡ. ಕೋವಿಡ್ ಕಾಲದಲ್ಲಿ ಇದು ಚುಚ್ಚಿತು. 2021ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವು ಸುಮಾರು 1.02 ಕೋಟಿ. ಅದರ ಹಿಂದಿನ ವರ್ಷಕ್ಕಿಂತ 21 ಲಕ್ಷ ಜಾಸ್ತಿ. ಈ ಅಂಕಿ ಪ್ರಕಟವಾದದ್ದು 2025ರ ಮೇ ತಿಂಗಳಲ್ಲಿ. ಅಷ್ಟು ವರ್ಷ ಜಗತ್ತು ಅಂದಾಜುಗಳ ಮೇಲೆ ಜಗಳ ಆಡಿತು. ವಿಶ್ವ ಆರೋಗ್ಯ ಸಂಸ್ಥೆ 2020 ಮತ್ತು 2021 ಸೇರಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವು, ಅಂದರೆ ಮಾಮೂಲಿಗಿಂತ ಜಾಸ್ತಿ ಆದ ಸಾವು, ಅಂದಿತು. ಐಎಚ್‌ಎಂಇ ಸುಮಾರು 40.7 ಲಕ್ಷ ಅಂದಿತು. ಕೋವಿಡ್ ಸಾವು ಅಂತ ಸರ್ಕಾರ ಹೇಳಿದ್ದು ಸುಮಾರು 4.8 ಲಕ್ಷ. ಗಣಿತದ ಮಾದರಿ ಬಳಸಿದ್ದನ್ನು ಸರ್ಕಾರ ಒಪ್ಪಲಿಲ್ಲ. ನಾನು ಯಾರ ಪರವೂ ವಾದ ಮಾಡುತ್ತಿಲ್ಲ. ಎಣಿಸಿದ ಲೆಕ್ಕ ಹೊತ್ತಿಗೆ ಸರಿಯಾಗಿ ಕೈಗೆ ಸಿಕ್ಕಿದ್ದರೆ ಮಾದರಿಯ ಮಾತೇ ಅಷ್ಟು ಬೇಕಾಗುತ್ತಿರಲಿಲ್ಲ. 2021ರ ಮೇ ತಿಂಗಳಿನಲ್ಲಿ ನಮ್ಮ ಮೇಜಿನ ಮೇಲೆ ಫಾರಂ ನಾಲ್ಕು ಎಷ್ಟು ಎತ್ತರಕ್ಕೆ ಬೆಳೆದಿತ್ತು ಅಂತ ನಾನು ನೋಡಿದ್ದೇನೆ. ಆ ಕಾಗದಗಳು ಪುಸ್ತಕವಾಗಿ ಬರುವುದಕ್ಕೆ ನಾಲ್ಕು ವರ್ಷ ಹಿಡಿಯಬಾರದಿತ್ತು.

ಬೇರೆ ತಾಣಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅವರ್ ವರ್ಲ್ಡ್ ಇನ್ ಡೇಟಾ ಮಕ್ಕಳಿಗೆ, ಶಿಕ್ಷಕರಿಗೆ ಸುಲಭ. ಪ್ರತಿ ಚಿತ್ರದ ಕೆಳಗೆ ಮಾಹಿತಿ ಎಲ್ಲಿಂದ ಬಂತು ಅಂತ ಬರೆದಿರುತ್ತಾರೆ, ಅದು ತುಂಬ ಒಳ್ಳೆಯ ಅಭ್ಯಾಸ. ಆದರೆ ಸಾವಿನ ಕಾರಣಗಳಿಗೆ ಅಲ್ಲಿ ಹೆಚ್ಚಾಗಿ ಸಿಗುವುದು ಐಎಚ್‌ಎಂಇಯ ಅಂಕಿಗಳೇ. ಹ್ಯೂಮನ್ ಮಾರ್ಟಾಲಿಟಿ ಡೇಟಾಬೇಸ್ ಅನ್ನುವುದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರದು. ಸಾವಿನ ನೋಂದಣಿ ಹೆಚ್ಚುಕಡಿಮೆ ಪೂರ್ತಿ ಇರುವ ದೇಶಗಳಿಗೆ ಮಾತ್ರ ಅಲ್ಲಿ ಜಾಗ. ಸ್ವೀಡನ್‌ನದು 1751ರಿಂದ ಇದೆ. ಭಾರತ ಆ ಪಟ್ಟಿಯಲ್ಲಿ ಇಲ್ಲ.

ಮತ್ತೆ ಜಿಬಿಡಿ ಕಂಪೇರ್‌ಗೆ ಬರೋಣ. ಮೊಬೈಲಿನಲ್ಲಿ ನೋಡಬೇಡಿ. ಚೌಕಗಳು ಚಿಕ್ಕದಾಗಿ ಅಕ್ಷರ ಓದಲಾಗುವುದಿಲ್ಲ, ಬೆರಳಿಟ್ಟರೆ ಪಕ್ಕದ ಕಾಯಿಲೆ ತೆರೆದುಕೊಳ್ಳುತ್ತದೆ. ಲ್ಯಾಪ್‌ಟಾಪ್ ಬೇಕು. ಇಂಟರ್‌ನೆಟ್ ನಿಧಾನ ಇದ್ದರೆ ತಾಳ್ಮೆಯೂ ಬೇಕು. ಕನ್ನಡ ಇಲ್ಲ. ಜಿಲ್ಲೆಯ ಲೆಕ್ಕ ಇಲ್ಲ, ರಾಜ್ಯಕ್ಕೆ ನಿಂತುಹೋಗುತ್ತದೆ. ರಾಯಚೂರು ಮತ್ತು ದಕ್ಷಿಣ ಕನ್ನಡವನ್ನು ಒಂದೇ ಚೌಕದಲ್ಲಿ ನೋಡಿ ಏನು ತಿಳಿಯುತ್ತದೆ? ಅಂಕಿಗಳನ್ನು ಕೋಷ್ಟಕವಾಗಿ ಇಳಿಸಿಕೊಳ್ಳಬೇಕಾದರೆ ಬೇರೆ ಪುಟಕ್ಕೆ ಹೋಗಿ ಖಾತೆ ತೆರೆಯಬೇಕು. ಅದಕ್ಕೂ ದುಡ್ಡಿಲ್ಲ.

ಇನ್ನೊಂದು ವಿಷಯ ವಿದ್ಯಾರ್ಥಿಗಳಿಗೆ. ಹೊಸ ಆವೃತ್ತಿ ಬಂದಾಗಲೆಲ್ಲ ಇವರು 1990ರಿಂದ ಎಲ್ಲ ವರ್ಷದ ಲೆಕ್ಕವನ್ನೂ ಹೊಸದಾಗಿ ಮಾಡುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಬಂದ ಜಿಬಿಡಿ 2023ರಲ್ಲಿ 204 ದೇಶ ಮತ್ತು ಪ್ರದೇಶ, 375 ಕಾಯಿಲೆ ಮತ್ತು ಗಾಯಗಳಿವೆ. ಹಳೆಯ ಆವೃತ್ತಿಯ 2010ರ ಅಂಕಿಯನ್ನೂ ಹೊಸ ಆವೃತ್ತಿಯ 2020ರ ಅಂಕಿಯನ್ನೂ ಒಂದೇ ಗ್ರಾಫಿನಲ್ಲಿ ಹಾಕಬೇಡಿ. ಎರಡೂ ಒಂದೇ ಆವೃತ್ತಿಯಿಂದ ತೆಗೆದುಕೊಳ್ಳಿ. ಪ್ರಾಜೆಕ್ಟ್ ಬರೆಯುವಾಗ ಆವೃತ್ತಿಯ ಹೆಸರನ್ನೂ ನೋಡಿದ ದಿನಾಂಕವನ್ನೂ ಬರೆದಿಡಿ.

ನಾನು ಈ ತಾಣವನ್ನು ಹೆಚ್ಚು ಬಳಸುವುದು ಹೊಸದಾಗಿ ಬರುವ ಹೌಸ್ ಸರ್ಜನ್‌ಗಳಿಗೆ ತೋರಿಸುವುದಕ್ಕೆ. ಫಾರಂ ನಾಲ್ಕು ಹೀಗೆ ತುಂಬಿ ಅಂತ ಬರೀ ಸುತ್ತೋಲೆ ಓದಿದರೆ ಯಾರೂ ಕೇಳುವುದಿಲ್ಲ. ಪರದೆಯ ಮೇಲೆ ಕರ್ನಾಟಕದ ಚೌಕಗಳನ್ನು ಹಾಕಿ, ಸಕ್ಕರೆ ಕಾಯಿಲೆಯ ಚೌಕ ತೋರಿಸುತ್ತೇನೆ. ನೀವು ಸಿ ಸಾಲು ಖಾಲಿ ಬಿಟ್ಟರೆ ಈ ಚೌಕಕ್ಕೆ ಸೇರಬೇಕಾದವರು ಎಲ್ಲಿಗೆ ಹೋಗುತ್ತಾರೆ ನೋಡಿ ಅಂತ ಹೇಳುತ್ತೇನೆ. ಒಬ್ಬ ಹುಡುಗಿ ಕೇಳಿದಳು: 'ಮೇಡಂ, ಹಿಂದಿನ ಕಾಯಿಲೆ ಮನೆಯವರಿಗೂ ಗೊತ್ತಿಲ್ಲದಿದ್ದರೆ?' ಒಳ್ಳೆಯ ಪ್ರಶ್ನೆ. ಹಳೆಯ ಓಪಿಡಿ ಚೀಟಿ, ಮಾತ್ರೆಯ ಖಾಲಿ ಪಟ್ಟಿ, ಮೆಡಿಕಲ್ ಶಾಪಿನ ಬಿಲ್ ಕೇಳಿ ನೋಡಿ ಅಂದೆ. ಮನೆಯವರು ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲ ಕಟ್ಟಿಟ್ಟುಕೊಂಡಿರುತ್ತಾರೆ. ಕೇಳುವವರು ಬೇಕು.

ಓದುತ್ತಿರುವವರಿಗೂ ಒಂದು ಉಪಯೋಗದ ಮಾತು. ನಿಮಗೆ ಸಿಗುವ ಡೆತ್ ಸರ್ಟಿಫಿಕೇಟಿನಲ್ಲಿ ಸಾವಿನ ಕಾರಣ ಇರುವುದಿಲ್ಲ. ಕಾನೂನೇ ಹಾಗಿದೆ, ಕಚೇರಿಯವರ ಜೊತೆ ಜಗಳ ಬೇಡ. ಆದರೆ 2023ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ, ಆಸ್ಪತ್ರೆಯಲ್ಲಿ ತೀರಿಕೊಂಡರೆ ಕಾರಣದ ಪ್ರಮಾಣಪತ್ರದ ಒಂದು ಪ್ರತಿಯನ್ನು ಹತ್ತಿರದ ಸಂಬಂಧಿಗೆ ಉಚಿತವಾಗಿ ಕೊಡಬೇಕು. ಕೇಳಿ ತೆಗೆದುಕೊಳ್ಳಿ. ಎ ಸಾಲಿನಲ್ಲಿ ಬರೀ ಕಾರ್ಡಿಯಾಕ್ ಅರೆಸ್ಟ್ ಅಂತ ಇದ್ದು ಕೆಳಗೆ ಖಾಲಿ ಇದ್ದರೆ, ರೋಗಿಗೆ ಮೊದಲಿಂದ ಇದ್ದ ಕಾಯಿಲೆಯ ಕಾಗದ ತೋರಿಸಿ ಡಾಕ್ಟರನ್ನು ಕೇಳಿ. ನೋಂದಣಿಗೆ ಹೋಗುವ ಮುಂಚೆ ಸರಿ ಮಾಡುವುದು ಸುಲಭ. ಆಮೇಲೆ ಕಷ್ಟ.